ಕಟ್ಟಡಗಳ ಛಾಯಾಗ್ರಾಹಕರನ್ನೂ ನೆನೆಯಬೇಕು

ಮಾನ್ಯ ಸಂಪಾದಕರೇ,

ವಿಶ್ವ ಛಾಯಾಗ್ರಹಣ ದಿನದ ಅಂಗವಾಗಿ ಆಗಸ್ಟ್ 19ರಂದು ತಾವು ಹೊರತಂದ ವಿಶೇಷ ಪುಟವನ್ನು ಎರಡು ಬಾರಿ ಓದಿದೆ. ಕಾಡುಪ್ರಾಣಿಗಳ ಚಿತ್ರ ತೆಗೆದವರು, ಜಂಬೂಸವಾರಿಯನ್ನು ವರ್ಷವರ್ಷವೂ ಸೆರೆಹಿಡಿದವರು, ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರಂಥ ಸುದ್ದಿಚಿತ್ರಗಾರರು, ಎಲ್ಲರಿಗೂ ಅದರಲ್ಲಿ ಸಲ್ಲಬೇಕಾದ ಗೌರವ ಸಂದಿದೆ. ಆದರೆ ಕಟ್ಟಡಗಳ ಚಿತ್ರ ತೆಗೆಯುವುದನ್ನೇ ಕಸುಬು ಮಾಡಿಕೊಂಡವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅರಮನೆ, ಮಾರುಕಟ್ಟೆ, ದೊಡ್ಡ ಗಡಿಯಾರಗಳಿಂದಲೇ ಗುರುತು ಪಡೆದ ಊರಿನ ಪುಟದಲ್ಲಿ ಈ ಕೊರತೆ ಕಂಡು ಬೇಸರವಾಯಿತು. ಮೂವತ್ತನಾಲ್ಕು ವರ್ಷ ಇಲ್ಲಿಯ ಸ್ಟುಡಿಯೋವೊಂದರಲ್ಲಿ ದುಡಿದು, ಅದರ ಬಹುಪಾಲನ್ನು ಗೋಡೆ, ಕಂಬ, ಬಾಗಿಲುಗಳ ಎದುರು ನಿಂತು ಕಳೆದವನು ನಾನು. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಮೊದಲು ನೆನೆಯಬೇಕೆಂದಿರುವುದು ಲಿನಿಯಸ್ ಟ್ರೈಪ್ ಅವರನ್ನು. 1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ ಹುಟ್ಟಿ, ಇಪ್ಪತ್ತು ತುಂಬುವ ಮೊದಲೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯಕ್ಕೆ ಸೇರಿದ ಟ್ರೈಪ್, 1850ರ ದಶಕದ ಮೊದಲಲ್ಲಿ ರಜೆಯ ಮೇಲೆ ಊರಿಗೆ ಹೋಗಿದ್ದಾಗ ಛಾಯಾಗ್ರಹಣವನ್ನು ಹಚ್ಚಿಕೊಂಡರು. 1853ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಸೇರಿದರು. 1854ರಲ್ಲಿ ಬೆಂಗಳೂರಿನಲ್ಲಿದ್ದ ತಮ್ಮ ಪಡೆಗೆ ಮರಳಿದವರು ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ಯಾಮೆರಾ ಹೊರಿಸಿಕೊಂಡು ಹೋದದ್ದು ನಮ್ಮ ಹಳೇಬೀಡು, ಬೇಲೂರುಗಳಿಗೆ. ಯಾರ ಅಪ್ಪಣೆಯೂ ಇರಲಿಲ್ಲ. ಸ್ವಂತ ಆಸಕ್ತಿಯೇ ಅವರನ್ನು ಅಲ್ಲಿಗೆ ಕರೆದೊಯ್ದಿತ್ತು. ಒಂದು ಚಿತ್ರದ ಶೀರ್ಷಿಕೆಯಲ್ಲಿ ಊರಿನ ಹೆಸರನ್ನು ತಮ್ಮ ಕಿವಿಗೆ ಬಿದ್ದಂತೆ ‘ಹುಲ್ಲಬೀಡೆ’ ಎಂದು ಬರೆದಿದ್ದಾರೆ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವರು ಇರಿಸಿದ 68 ಚಿತ್ರಗಳಿಗೆ ಪ್ರಥಮ ದರ್ಜೆಯ ಪದಕ ಬಂತು. ಹೊಯ್ಸಳ ಗುಡಿಗಳ ಚಿತ್ರಗಳಿಂದ ಒಬ್ಬ ಛಾಯಾಗ್ರಾಹಕನ ವೃತ್ತಿಜೀವನ ಶುರುವಾಯಿತೆಂಬುದನ್ನು, ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗಲೂ ಯಾರೂ ನೆನೆಯಲಿಲ್ಲ.

ಆ ಚಿತ್ರಗಳ ಫಲವಾಗಿಯೇ ಇರಬೇಕು, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ದೊರೆಯ ಬಳಿಗೆ ಕಳುಹಿಸಿದ ನಿಯೋಗದಲ್ಲಿ ಟ್ರೈಪ್ ಅವರಿಗೆ ಛಾಯಾಗ್ರಾಹಕರ ಸ್ಥಾನ ಸಿಕ್ಕಿತು. ಮಳೆ ಮೋಡ, ಅನಾರೋಗ್ಯ ಎರಡನ್ನೂ ಎದುರಿಸುತ್ತ ಇನ್ನೂರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ತಂದರು. ಪಗಾನಿನ ಗುಡಿಗಳು, ಅಮರಪುರದ ಮರದ ವಿಹಾರಗಳು ಅವುಗಳಲ್ಲಿವೆ. ಅವುಗಳಿಂದ 120ನ್ನು ಆರಿಸಿ, ತಲಾ 120 ಚಿತ್ರಗಳ 50 ಕಟ್ಟುಗಳನ್ನು ಮುದ್ರಿಸಿದ್ದು ಬೆಂಗಳೂರಿನಲ್ಲಿ. ಯಂತ್ರದ ಮುದ್ರಣವಲ್ಲ ಅದು. ಒಂದೊಂದು ಹಾಳೆಯನ್ನೂ ನೆಗೆಟಿವ್‌ನೊಂದಿಗೆ ಚೌಕಟ್ಟಿನಲ್ಲಿ ಬಿಗಿದು, ಬಿಸಿಲಿಗೆ ಇಟ್ಟು, ಬಣ್ಣ ಏರಿದ್ದನ್ನು ಕಣ್ಣಳತೆಯಲ್ಲೇ ನೋಡಿ ತೆಗೆದು, ತೊಳೆದು, ಒಣಗಿಸಿ ಮಾಡಬೇಕಾದ ಕೆಲಸ. ಹೀಗೆ ಆರು ಸಾವಿರ ಬಾರಿ. ಡಾರ್ಕ್‌ರೂಮಿನಲ್ಲಿ ಒಂದು ರಾತ್ರಿಗೆ ನೂರು ಪ್ರಿಂಟ್ ತೆಗೆದು ಬೆನ್ನು ಹಿಡಿದುಕೊಂಡವರಿಗೆ ಈ ಸಂಖ್ಯೆಯ ಭಾರ ತಿಳಿದೀತು.

1856ರಲ್ಲಿ ಮದರಾಸು ಸರ್ಕಾರ ಅವರನ್ನು ತನ್ನ ಅಧಿಕೃತ ಛಾಯಾಗ್ರಾಹಕರನ್ನಾಗಿ ನೇಮಿಸಿತು. 1857ರ ಕೊನೆಯಲ್ಲಿ ಹೊರಟ ಪ್ರವಾಸ ಶ್ರೀರಂಗ, ತಿರುಚಿನಾಪಳ್ಳಿ, ಮಧುರೆ, ಪುದುಕೋಟೆ, ತಂಜಾವೂರುಗಳನ್ನು ಸುತ್ತಿ 1858ರಲ್ಲಿ ಮದರಾಸು ಮುಟ್ಟಿತು. ಅವರು ಬಳಸುತ್ತಿದ್ದುದು ಮೇಣದ ಕಾಗದದ ನೆಗೆಟಿವ್. ಗಾಜಿನ ಫಲಕಕ್ಕೆ ದ್ರಾವಣ ಹಚ್ಚಿ ಹಸಿ ಆರುವುದರೊಳಗೆ ಚಿತ್ರ ತೆಗೆಯುವ ವಿಧಾನ ಆಗಲೇ ಬಂದಿದ್ದರೂ, ನಮ್ಮ ಬಿಸಿಲಿನಲ್ಲಿ ಅದು ಬಲು ಕಷ್ಟ. ಕಾಗದಕ್ಕೆ ಮೊದಲೇ ಮೇಣ ಕುಡಿಸಿಟ್ಟರೆ ಅದನ್ನು ದಿನಗಟ್ಟಲೆ ಮುಂಚೆ ಸಿದ್ಧಮಾಡಿಕೊಳ್ಳಬಹುದಿತ್ತು, ಬಿಡಾರಕ್ಕೆ ಮರಳಿದ ಮೇಲೆ ನಿಧಾನವಾಗಿ ತೊಳೆಯಬಹುದಿತ್ತು. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಸಮಯ: ಒಂದೊಂದು ಚಿತ್ರಕ್ಕೂ ಮಸೂರವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಆ ಹೊತ್ತಿನಲ್ಲಿ ಅಂಗಳ ದಾಟಿಹೋದ ಮನುಷ್ಯ ಚಿತ್ರದಲ್ಲಿ ಇಲ್ಲವೇ ಇಲ್ಲ. ಕಲ್ಲು ಮಾತ್ರ ನಿಲ್ಲುತ್ತದೆ.

ಆ ಕಾಲದ ರಾಸಾಯನಿಕಗಳಿಗೆ ನೀಲಿ ಬಣ್ಣ ಬೇಗ ತಟ್ಟುತ್ತಿದ್ದುದರಿಂದ ಗೋಪುರ ಸರಿಯಾಗಿ ಮೂಡುವ ಹೊತ್ತಿಗೆ ಆಕಾಶ ಬರೀ ಬೋಳಾಗಿಬಿಡುತ್ತಿತ್ತು. ಟ್ರೈಪ್ ನೆಗೆಟಿವ್ ಮೇಲೆ ಕುಂಚ ಆಡಿಸಿ ಮೋಡಗಳನ್ನು ಬರೆದರು, ಕೆಲವೆಡೆ ಗಿಡಮರಗಳ ಎಲೆಗಳನ್ನೂ ತಿದ್ದಿದರು. ಇದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಆಕಾಶ ಅವರ ಸಾಕ್ಷ್ಯವಾಗಿರಲಿಲ್ಲ, ಗೋಡೆಯೇ ಸಾಕ್ಷ್ಯ.

ಅವರ ಇಡೀ ದುಡಿಮೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ತಂಜಾವೂರಿನ ಒಂದು ಕೆಲಸ. ಬೃಹದೀಶ್ವರ ದೇವಾಲಯದ ವಿಮಾನದ ಬುಡದಲ್ಲಿ ಸುತ್ತಲೂ ಕೊರೆದಿರುವ ಶಾಸನವನ್ನು ಒಂದೇ ಚಿತ್ರದಲ್ಲಿ ಹಿಡಿಯಲಾಗದು. ದೂರ ಹೋದರೆ ಅಕ್ಷರ ಕಾಣದು, ಹತ್ತಿರ ಬಂದರೆ ಸಾಲು ಮುಗಿಯದು. ಟ್ರೈಪ್ ಗೋಡೆಗೆ ಸಮಾಂತರವಾಗಿ ಕ್ಯಾಮೆರಾವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ತೆಗೆದ 21 ಚಿತ್ರಗಳನ್ನು ಅಂಚಿಗೆ ಅಂಚು ಕೂಡಿಸಿ ಸುಮಾರು 19 ಅಡಿ ಉದ್ದದ ಒಂದೇ ಚಿತ್ರ ಮಾಡಿದರು. ಇದರ ಕಷ್ಟ ಮಾಡಿ ನೋಡಿದವರಿಗೇ ಗೊತ್ತು. ಪ್ರತಿ ನಿಲುಗಡೆಯಲ್ಲೂ ಗೋಡೆಯಿಂದ ಅದೇ ದೂರ, ನೆಲದಿಂದ ಅದೇ ಎತ್ತರ ಇರಬೇಕು. ಬೆಳಕು ವಾಲುವಷ್ಟರಲ್ಲಿ ಮುಗಿಯಬೇಕು. ಒಂದು ಕಡೆ ಬೆರಳಗಲ ತಪ್ಪಿದರೂ ಅಕ್ಷರದ ಸಾಲು ಮೆಟ್ಟಿಲಾಗುತ್ತದೆ. ಚೆಲುವಿಗಾಗಿ ಯಾರೂ ಇಷ್ಟು ಪಾಡು ಪಡುವುದಿಲ್ಲ. ಮುಂದೆ ಯಾರೋ ಒಬ್ಬರು ಇದನ್ನು ಓದಲಿ ಎಂಬ ಎಣಿಕೆ ಇದ್ದವರು ಮಾತ್ರ ಪಡುತ್ತಾರೆ.

1859ರಲ್ಲಿ ಮದರಾಸಿಗೆ ಹೊಸ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯಾನ್, ಬೊಕ್ಕಸ ಬರಿದಾಗಿರುವಾಗ ಇಂಥ ದುಬಾರಿ ಭೋಗ ಬೇಡವೆಂದು ಸರ್ಕಾರದ ಆ ಛಾಯಾಗ್ರಹಣ ವಿಭಾಗವನ್ನೇ ಮುಚ್ಚಿಸಿದರು. ಟ್ರೈಪ್ ಸೈನ್ಯದ ಕೆಲಸಕ್ಕೆ ಮರಳಿದರು. 1902ರಲ್ಲಿ ಹುಟ್ಟೂರಿನಲ್ಲೇ ತೀರಿಕೊಳ್ಳುವವರೆಗಿನ ನಲವತ್ತು ವರ್ಷಗಳಲ್ಲಿ ಅವರು ಕ್ಯಾಮೆರಾ ಹಿಡಿದದ್ದು ತೀರ ಅಪರೂಪ. ಎಂಬತ್ತು ವರ್ಷದ ಬದುಕಿನಲ್ಲಿ ಛಾಯಾಗ್ರಾಹಕರಾಗಿ ದುಡಿದದ್ದು ಹತ್ತು ವರ್ಷವೂ ಇಲ್ಲ. ಅವರು ಕಂಪನಿಯ ಸೇವಕರಾಗಿದ್ದರು, ಆಳುವವರ ಅನುಕೂಲಕ್ಕೇ ಈ ಕೆಲಸ ನಡೆಯಿತು ಎಂಬುದೂ ನಿಜ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಆ ಗುಡಿಗಳು ಆಗ ಹೇಗಿದ್ದವೆಂದು ಇಂದು ನಾವು ನೋಡಬಹುದಾಗಿರುವುದು ಆ ಕಾಗದಗಳಿಂದಲೇ.

ನಮ್ಮ ಕಡೆಗೇ ಬಂದರೆ, 1906ರಿಂದ 1922ರವರೆಗೆ ಮೈಸೂರು ಪುರಾತತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರ ಕಾಲದ ವಾರ್ಷಿಕ ವರದಿಗಳನ್ನು ತೆರೆದು ನೋಡಬೇಕು. ಅವುಗಳ ಚಿತ್ರಫಲಕಗಳಲ್ಲಿ ಗುಡಿಯ ಗೋಡೆಗಳು ನೇರವಾಗಿ, ಅಳತೆಗೆ ದಕ್ಕುವಂತೆ ನಿಂತಿವೆ. ನರಸಿಂಹಾಚಾರ್ಯರ ಹೆಸರು ನಮಗೆ ಗೊತ್ತು. ಆ ಫಲಕಗಳ ಹಿಂದೆ ಕಪ್ಪು ಬಟ್ಟೆ ಹೊದ್ದು ನಿಂತವರ ಹೆಸರು ಯಾರ ಬಾಯಲ್ಲೂ ಇಲ್ಲ.

ನನಗೆ ಈ ಕೆಲಸ ಕಲಿಸಿದ ಹಿರಿಯರು ಸೋಮನಾಥಪುರಕ್ಕೆ ಬೆಳಗಿನ ಮೊದಲ ಬಸ್ಸಿಗೇ ಕರೆದೊಯ್ಯುತ್ತಿದ್ದರು. ಎಳೆಬಿಸಿಲು ಗೋಡೆಯನ್ನು ಓರೆಯಾಗಿ ಸವರುವ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಆನೆಯ ಸಾಲು, ಕುದುರೆಯ ಸಾಲು ಕಲ್ಲಿನಿಂದ ಎದ್ದು ಬರುತ್ತವೆ. ಬಿಸಿಲು ನೆತ್ತಿಗೇರಿದರೆ ಎಲ್ಲವೂ ಚಪ್ಪಟೆ. ಕ್ಯಾಮೆರಾದ ಮೂತಿಯನ್ನು ಮೇಲಕ್ಕೆ ಎತ್ತಲು ಅವರು ಬಿಡುತ್ತಿರಲಿಲ್ಲ. ಎತ್ತಿದರೆ ಕಂಬಗಳು ಮೇಲೆ ಹೋದಂತೆ ಒಂದರ ಕಡೆ ಒಂದು ವಾಲಿ, ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಕ್ಯಾಮೆರಾವನ್ನು ಮಟ್ಟಸವಾಗಿ ಇಟ್ಟು, ಮಸೂರದ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸಬೇಕು. ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಗೋಪುರದ ಅಂಚು ಗೆರೆಗೆ ಗೆರೆ ಕೂಡುವವರೆಗೆ ಹಲಗೆ ಸರಿಸುತ್ತಲೇ ಇರುತ್ತಿದ್ದರು. “ಮೊದಲು ನೆಟ್ಟಗೆ ನಿಲ್ಲಲಿ, ಚಂದ ಆಮೇಲೆ” ಎನ್ನುತ್ತಿದ್ದರು.

ಇಂಥ ಚಿತ್ರ ಯಾವಾಗ ಒದಗುತ್ತದೆಂದು ಹೇಳಲಾಗದು. ಅಗ್ರಹಾರದ ಒಂದು ಹಳೆಯ ಮನೆಯ ಆಸ್ತಿ ವಿಭಾಗದ ದಾವೆಗೆಂದು ನಾನು ಜಗಲಿಯ ಚಿತ್ರ ತೆಗೆದುಕೊಟ್ಟಿದ್ದೆ. ಹದಿನೈದು ವರ್ಷ ಕಳೆದ ಮೇಲೆ, ಗೆದ್ದಲು ತಿಂದು ಬಿದ್ದ ಕಂಬವನ್ನು ಮತ್ತೆ ಮಾಡಿಸಲು ಆ ಮನೆಯವರು ಬಡಗಿಯನ್ನು ಕರೆದುಕೊಂಡು ನಮ್ಮ ಸ್ಟುಡಿಯೋಗೆ ಬಂದರು. ಬಡಗಿ ಭೂತಗನ್ನಡಿ ಹಿಡಿದು, ಪೆನ್ಸಿಲ್ ತುದಿಯಿಂದ ಕಂಬದ ತಲೆಯ ಬೋದಿಗೆಯ ಕಮಲದ ಎಸಳುಗಳನ್ನು ಒಂದೊಂದಾಗಿ ಎಣಿಸಿದ. ಮುಂದೆ ಕಾಣುವ ಎಂಟನ್ನು ಎಣಿಸಿ, ಹಿಂದೆ ಎಂಟು ಎಂದುಕೊಂಡು, ಹದಿನಾರು ಎಂದು ಬೀಡಿಕಟ್ಟಿನ ಮೇಲೆ ಬರೆದುಕೊಂಡ. ಆ ಕಂಬ ಈಗಲೂ ಅಲ್ಲಿ ನಿಂತಿದೆ.

ಇದಕ್ಕೆ ವಿರುದ್ಧವಾದುದನ್ನೂ ಕಂಡಿದ್ದೇನೆ. ಊರಿನ ಕಚೇರಿಯೊಂದರಲ್ಲಿ ಕಪಾಟಿನ ತುಂಬ ಇದ್ದ ಹಳೆಯ ಗಾಜಿನ ನೆಗೆಟಿವ್‌ಗಳನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು ಫೋಟೋ ಚೌಕಟ್ಟಿಗೆ ಗಾಜಾಗಿ ಬಳಸಿಕೊಂಡಿದ್ದರು. ವಿಷಯ ತಿಳಿದು ಓಡಿಹೋದಾಗ ಬಚ್ಚಲಲ್ಲಿ ಕಪ್ಪು ನೀರು ಇನ್ನೂ ನಿಂತಿತ್ತು. ಉಳಿದಿದ್ದ ಒಂದೇ ಗಾಜನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಯಾವುದೋ ಕಮಾನಿನ ಅರ್ಧ ಮಾತ್ರ ಇತ್ತು. ಯಾವ ಕಟ್ಟಡದ್ದೆಂದು ಗುರುತಿಸಲು ಆಗಲಿಲ್ಲ. ಆ ನೋವು ಇಂದಿಗೂ ಹೋಗಿಲ್ಲ.

1897ರಲ್ಲಿ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಆಹುತಿಯಾದ ಮರದ ಅರಮನೆ ಹೇಗಿತ್ತೆಂದು ನಾವು ಇಂದು ಕಾಣುವುದು ಹಳೆಯ ಛಾಯಾಚಿತ್ರಗಳಲ್ಲಿ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳು ಹೋದವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ದುರಸ್ತಿಯಾಗಲಿ ಎಂಬುದೇ ನನ್ನ ಪಕ್ಷ. ಆದರೆ ತೀರ್ಮಾನ ಯಾವುದೇ ಆಗಲಿ, ಅದಕ್ಕೆ ಮೊದಲು ಪ್ರತಿಯೊಂದು ಕಮಾನು, ತೊಲೆ, ಬಾಗಿಲ ಚೌಕಟ್ಟು, ಮಳಿಗೆಯ ಒಳಗೋಡೆ ಅಳತೆಗೋಲಿನೊಂದಿಗೆ ಚಿತ್ರವಾಗಿ ದಾಖಲಾಗಬೇಕು. ಮೊಬೈಲಿನಲ್ಲಿ ಪ್ರವಾಸಿಗರು ತೆಗೆಯುವ ಲಕ್ಷ ಚಿತ್ರಗಳು ಇದಕ್ಕೆ ಬದಲಾಗಲಾರವು. ಎಲ್ಲರೂ ಮುಂಬಾಗಿಲನ್ನೇ ತೆಗೆಯುತ್ತಾರೆ, ಸೋರುವ ಮೂಲೆಯನ್ನು ಯಾರೂ ತೆಗೆಯುವುದಿಲ್ಲ.

ಆದ್ದರಿಂದ ಪಾರಂಪರಿಕ ಕಟ್ಟಡಗಳ ಹೊಣೆ ಹೊತ್ತ ಇಲಾಖೆ ಮತ್ತು ನಗರಪಾಲಿಕೆ ಸೇರಿ ಮೈಸೂರಿಗೆ ಒಬ್ಬ ಕಾಯಂ ಕಟ್ಟಡ ಛಾಯಾಗ್ರಾಹಕರನ್ನು ನೇಮಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ. ದಸರೆ ಬಂದಾಗ ಗುತ್ತಿಗೆಗೆ ಕರೆದು ದೀಪಾಲಂಕಾರದ ಚಿತ್ರ ತೆಗೆಸುವುದು ಬೇರೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಪಟ್ಟಿಯಲ್ಲಿರುವ ಪ್ರತಿಯೊಂದು ಕಟ್ಟಡವನ್ನೂ ಅದೇ ಜಾಗದಿಂದ, ಅದೇ ಎತ್ತರದಿಂದ ತೆಗೆಯುವ ಕೆಲಸ ಇದು. ಹೋದ ವರ್ಷದ ಬಿರುಕು ಈ ವರ್ಷ ಎಷ್ಟು ಬೆಳೆದಿದೆಯೆಂದು ಎಂಜಿನಿಯರ್ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವಂತಾಗಬೇಕು. ಆ ಚಿತ್ರಗಳು ಕಚೇರಿಯ ಕಪಾಟಿನಲ್ಲಿ ಉಳಿಯದೆ ವಿದ್ಯಾರ್ಥಿಗಳಿಗೂ ಬಡಗಿಗಳಿಗೂ ಸಿಗುವಂತೆ ಸಾರ್ವಜನಿಕ ಗ್ರಂಥಾಲಯದಲ್ಲಿರಬೇಕು. ಪ್ರತಿ ಚಿತ್ರದ ಕೆಳಗೆ ತೆಗೆದವರ ಹೆಸರು ಇರಬೇಕು.

ನನ್ನ ಬಳಿ ಉಳಿದಿರುವ ನೆಗೆಟಿವ್‌ಗಳು ಮೂರು ಟ್ರಂಕ್‌ಗಳಲ್ಲಿವೆ. ಸಯ್ಯಾಜಿರಾವ್ ರಸ್ತೆ, ಕೃಷ್ಣರಾಜ ಬುಲೇವಾರ್ಡ್, ಶ್ರೀರಂಗಪಟ್ಟಣ ಮತ್ತು ಮೇಲುಕೋಟೆಯ ಬೀದಿಗಳ ಚಿತ್ರಗಳು ಅವುಗಳಲ್ಲಿವೆ; ದಿನಾಂಕ, ಸ್ಥಳ, ನಿಂತ ಜಾಗ ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮೇಲಿನಂಥ ವ್ಯವಸ್ಥೆ ಆದ ದಿನ ಅವೆಲ್ಲವನ್ನೂ ಯಾವ ಪ್ರತಿಫಲವೂ ಇಲ್ಲದೆ ಒಪ್ಪಿಸಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ಟುಡಿಯೋ ಛಾಯಾಗ್ರಾಹಕ,
ಚಾಮುಂಡಿಪುರಂ, ಮೈಸೂರು