ಕಂಡ ಚುಕ್ಕೆಯೆಲ್ಲ ಗ್ರಹವಲ್ಲ

ಮಾನ್ಯರೇ,

ನಿಮ್ಮ ವಿಜ್ಞಾನ ಪುಟದ ಬಾಹ್ಯಗ್ರಹಗಳ (ಬೇರೆ ನಕ್ಷತ್ರಗಳ ಸುತ್ತಲಿನ ಗ್ರಹಗಳ) ಲೇಖನ ಓದಿದರೆ, ಅಡಾಪ್ಟಿವ್ ಆಪ್ಟಿಕ್ಸ್ ಎಂಬ, ಕನ್ನಡಿ ಬಾಗಿಸಿ ಬೆಳಕು ತಿದ್ದುವ ವ್ಯವಸ್ಥೆ ಗಾಳಿಯ ಅಲುಗಾಟ ಸರಿಪಡಿಸಿದ ಕೂಡಲೇ ಗ್ರಹ ಕಂಡುಬಿಡುತ್ತದೆ ಅನ್ನಿಸುತ್ತದೆ. ಗಾಳಿಯ ಕಾಟ ತೀರಿದ ಮೇಲೂ ಉಪಕರಣದೊಳಗಿನ ದೋಷ ಉಳಿಯುತ್ತದೆ. ಹೆಚ್ಚು ಸತಾಯಿಸುವುದು ಅದೇ.

ದೂರದರ್ಶಕಕ್ಕೆ ಬಂದ ಬೆಳಕು ಒಂದು ಹಂತದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಅಲೆಯ ಅಂಕುಡೊಂಕು ಅಳೆಯುವ ಸೆನ್ಸರ್‌ಗೆ, ಇನ್ನೊಂದು ಕ್ಯಾಮೆರಾಕ್ಕೆ. ಸೆನ್ಸರ್ ಹೇಳಿದಂತೆ ಬಾಗುವ ಕನ್ನಡಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಆಕಾರ ಬದಲಿಸುತ್ತದೆ. ಆದರೆ ಕವಲಿನಾಚೆ ಕ್ಯಾಮೆರಾದ ದಾರಿಯಲ್ಲಿರುವ ಲೆನ್ಸು, ಫಿಲ್ಟರುಗಳ ತಪ್ಪು ಸೆನ್ಸರ್‌ಗೆ ಗೊತ್ತೇ ಆಗುವುದಿಲ್ಲ.

ಎಷ್ಟು ಸಣ್ಣ ತಪ್ಪು ಸಾಕು ನೋಡಿ. 8 ಮೀಟರ್ ದೂರದರ್ಶಕ, 1.6 ಮೈಕ್ರಾನ್ ಅವಕೆಂಪು ಬೆಳಕು. ಕನ್ನಡಿಯ ಅಗಲಕ್ಕೆ 10 ಏರಿಳಿತಗಳಂತೆ ಬರೀ 1 ನ್ಯಾನೊಮೀಟರ್ ಎತ್ತರದ ಸುಕ್ಕು ಬೆಳಕಿನ ಅಲೆಯಲ್ಲಿ ಉಳಿದರೂ, ನಕ್ಷತ್ರದ ಎರಡೂ ಪಕ್ಕ 0.4 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಪಾಲು) ದೂರದಲ್ಲಿ ಒಂದೊಂದು ಚುಕ್ಕೆ ಮೂಡುತ್ತದೆ. ಅದರ ಹೊಳಪು ನಕ್ಷತ್ರದ ಹೊಳಪಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 4 ಪಾಲು. ಇನ್ನೂ ಬಿಸಿಯಾರದ ಹಲವು ಎಳೆಯ ದೈತ್ಯಗ್ರಹಗಳದ್ದೂ ಇದರ ಆಸುಪಾಸೇ! ಗಾಳಿಯಿಂದಾದ ಚುಕ್ಕೆಗಳು ಕ್ಷಣಕ್ಷಣಕ್ಕೂ ಬದಲಾಗಿ ಸರಾಸರಿಯಲ್ಲಿ ಮಾಸುತ್ತವೆ. ಉಪಕರಣದ ದೋಷದ ಈ ಚುಕ್ಕೆಗಳು ಕೂತಲ್ಲೇ ಕೂರುತ್ತವೆ. ಚಳಿ ಏರಿದಂತೆ, ದೂರದರ್ಶಕ ವಾಲಿದಂತೆ ನಿಧಾನಕ್ಕೆ ಜರುಗುತ್ತವೆ ಬೇರೆ. ಸಂಜೆ ಮಾಡಿದ ತಿದ್ದುಪಡಿ ಬೆಳಗಿನ ಜಾವಕ್ಕೆ ಹಳತು.

ನಮ್ಮ ಮಲೆನಾಡಿನ ಹಳೇ ಮನೆಗಳ ಕಿಟಕಿ ಗಾಜಿನಲ್ಲಿ ಗುಳ್ಳೆ ಇರುತ್ತದಲ್ಲ, ಹೊರಗೆ ಅಡಿಕೆ ಮರ ತೂಗಿದರೂ ಗುಳ್ಳೆ ಇದ್ದಲ್ಲೇ. ಅದೇ ಉಪಾಯ: ಕ್ಯಾಮೆರಾವನ್ನು ಕನ್ನಡಿಗೆ ಹೊಂದಿಸಿ ನಿಲ್ಲಿಸಿ, ಆಕಾಶ ತಿರುಗಲು ಬಿಡುತ್ತಾರೆ. ದೋಷದ ಚುಕ್ಕೆ ನಿಲ್ಲುತ್ತದೆ, ಗ್ರಹ ಸರಿಯುತ್ತದೆ, ನಿಂತದ್ದನ್ನು ಕಳೆದರಾಯಿತು. ನಕ್ಷತ್ರಕ್ಕೆ ತೀರ ಹತ್ತಿರದ ಗ್ರಹ ಸಾಕಷ್ಟು ಸರಿಯದೆ ತಾನೂ ಕಳೆದುಹೋಗುವುದುಂಟು.

ಬುಡಕ್ಕೇ ಕೈಹಾಕುವ ದಾರಿ, ಕ್ಯಾಮೆರಾವನ್ನೇ ಸೆನ್ಸರ್ ಮಾಡಿಕೊಳ್ಳುವುದು. ಬಾಗುವ ಕನ್ನಡಿಯಲ್ಲಿ ಬೇಕೆಂದೇ ಅಳತೆಯ ಸುಕ್ಕು ಹಾಕಿ, ಅದನ್ನು ಸುಕ್ಕಿನ ಒಂದು ಏರಿಳಿತದ ಕಾಲು ಭಾಗದಷ್ಟು ಸರಿಸುತ್ತ ನಾಲ್ಕು ಚಿತ್ರ ತೆಗೆಯಬೇಕು. ಚುಕ್ಕೆಯ ಹೊಳಪು ಏರಿಳಿದ ಬಗೆಯಿಂದ ದೋಷ ಲೆಕ್ಕಕ್ಕೆ ಸಿಗುತ್ತದೆ. ತದ್ವಿರುದ್ಧ ಸುಕ್ಕು ಕೊಟ್ಟು, ಮತ್ತೆ ಅಳೆಯಬೇಕು. ನಾಸಾದ ರೋಮನ್ ಬಾಹ್ಯಾಕಾಶ ದೂರದರ್ಶಕದ ಕರೋನಾಗ್ರಾಫ್‌ನಲ್ಲಿ (ನಕ್ಷತ್ರದ ಬೆಳಕನ್ನು ಮರೆಮಾಡುವ ಉಪಕರಣ) ಇಂಥ ಕನ್ನಡಿ ಎರಡಿವೆ, ಒಂದೊಂದನ್ನೂ 48 ಸಾಲುಗಳಲ್ಲಿ 48ರಂತೆ ತಳ್ಳುವ ಬಿಂದುಗಳು ಬಾಗಿಸುತ್ತವೆ. ಕನ್ನಡಿ ಒಂದೇ ಆದರೆ ಡೊಂಕು, ಹೊಳಪಿನ ಏರುಪೇರು ಎರಡನ್ನೂ ತಿದ್ದಿ ಕತ್ತಲು ಮಾಡಲು ಸಾಧ್ಯವಾಗುವುದು ನಕ್ಷತ್ರದ ಒಂದೇ ಪಕ್ಕದಲ್ಲಿ.

ಚುಕ್ಕೆ ಗ್ರಹವೇ ಎಂದು ನಂಬಲು ಒಂದೇ ಚಿತ್ರ ಸಾಲದು. ಎಚ್‌ಆರ್ 8799 ನಕ್ಷತ್ರದ ಮೂರು ಗ್ರಹಗಳ ಚಿತ್ರ 2008ರಲ್ಲಿ ಪ್ರಕಟವಾದಾಗ, ಬೇರೆ ಬೇರೆ ವರ್ಷಗಳ ಚಿತ್ರಗಳಲ್ಲಿ ಅವು ನಕ್ಷತ್ರದ ಜೊತೆಗೇ ಸಾಗುತ್ತಿದ್ದುದನ್ನು ತೋರಿಸಿದ್ದರು. ಮುಂದೆ ಇಂಥ ಚಿತ್ರ ಅಚ್ಚುಹಾಕುವಾಗ ಎರಡನೇ ಚಿತ್ರದ ದಿನಾಂಕವನ್ನೂ ಕೆಳಗೆ ಕೊಡಿ.

– ಇಬ್ಬರು ಭೌತವಿಜ್ಞಾನ ಅಧ್ಯಾಪಕರು, ಶಿವಮೊಗ್ಗ