ಮೇಲಿನ ಸಾಲಿನ ಟಿಕೆಟ್ ಸಾಕು

ಈ ಸಂಚಿಕೆಯ ಸಂಪಾದಕೀಯವನ್ನು ದಾವಣಗೆರೆಯಲ್ಲಿ ಕೂತು ಬರೆಯುತ್ತಿದ್ದೇನೆ. ದುಗ್ಗಮ್ಮನ ಜಾತ್ರೆಗೆ ಬಂದವನಿಗೆ ಟೊರೊಂಟೊದ ಐಸ್ ಹಾಕಿ ನೆನಪಿಸಿದವರು ಊರಿನ ಗೆಳೆಯರು. ಹೊರಗೆ ಬಿಸಿಲು ಧಗಧಗ, ಮುಂದೆ ಮಿರ್ಚಿ ಮಂಡಕ್ಕಿ. "ಹಾಕಿ ಅಂದ್ರೆ ಕೊಡಗಿನೋರ ಆಟ ಅಲ್ಲೇನೋ? ಐಸ್ ಮ್ಯಾಲೆ ಹೆಂಗ್ ಆಡ್ತಾರೆ? ನೋಡಾಕೆ ಅಷ್ಟೊಂದು ರೊಕ್ಕ ಯಾಕೆ?" ಎಂದು ಕೇಳಿದರು. ಕೊನೆಯ ಪ್ರಶ್ನೆಯನ್ನು ನಮ್ಮ ಟೊರೊಂಟೊ ಕೂಟದವರೂ ಕೇಳಿಕೊಳ್ಳಬೇಕು. ನಮ್ಮಲ್ಲಿ ಎಷ್ಟೋ ಜನ ಐಸ್ ಸುತ್ತ ಕಟ್ಟಿದ ಗಾಜಿನ ಪಕ್ಕದ ಸೀಟಿಗೆ ದುಡ್ಡು ಸುರಿದು, ಫೋಟೊ ತೆಗೆಸಿಕೊಂಡು ಬರುತ್ತಾರೆ. ಆಟ ನೋಡಿರುವುದಿಲ್ಲ.

ಗಾಜಿನ ಪಕ್ಕ ಮಜಾ ಇಲ್ಲವೆಂದಲ್ಲ. ಆಟಗಾರ ಬಂದು ದಢಾರನೆ ಅಪ್ಪಳಿಸಿದಾಗ ಎದೆ ನಡುಗುತ್ತದೆ. ಆದರೆ ಆಚೆ ತುದಿಯಲ್ಲಿ ಏನಾಯಿತೆಂದು ತಿಳಿಯಲು ದೊಡ್ಡ ಪರದೆಯನ್ನೇ ನೋಡಬೇಕು. ಮೇಲೆ ಕೂತರೆ 200 ಅಡಿ ಉದ್ದ, 85 ಅಡಿ ಅಗಲದ ಐಸ್ ಇಡೀ ಕಣ್ಣಳತೆಯಲ್ಲಿ. ಟಿವಿ ಕ್ಯಾಮೆರಾ ಪಕ್, ಅಂದರೆ ಚೆಂಡಿನ ಬದಲಿಗಿರುವ ಮೂರಿಂಚಿನ ರಬ್ಬರ್ ಬಿಲ್ಲೆಯ ಹಿಂದೆ ಓಡುತ್ತದೆ. ಪಕ್ ಇಲ್ಲದ ಕಡೆ ಒಬ್ಬ ಮೆಲ್ಲಗೆ ಜಾರಿ ಗೋಲಿನ ಹತ್ತಿರ ಜಾಗ ಹಿಡಿಯುವುದು ಕಾಣುವುದು ಮೇಲಿನವರಿಗೇ. ಮುಕ್ಕಾಲು ನಿಮಿಷಕ್ಕೊಮ್ಮೆ, ಆಟ ನಡೆಯುತ್ತಿರುವಾಗಲೇ, ಆಟಗಾರರು ಬೇಲಿ ಹಾರಿ ಬದಲಾಗುತ್ತಾರೆ. ಅದರ ಲೆಕ್ಕಾಚಾರ ಒಮ್ಮೆ ಹಿಡಿಸಿತೆಂದರೆ ಗೋಲು ಬೀಳದಿದ್ದರೂ ಬೇಸರವಾಗದು.

ಇಲ್ಲಿಯವರಿಗೆ ಕ್ರಿಕೆಟ್ ಅಭ್ಯಾಸ. ವಿನಯ್ ಕುಮಾರ್ ಊರಲ್ಲವೇ! ಓವರ್ ನಡುವೆ ಎದ್ದು ಹೋಗಿ ಕಡಲೆಕಾಯಿ ತರಬಹುದು. ಐಸ್ ಹಾಕಿ ಆಡುವ ಅರೀನಾದಲ್ಲಿ ಹಾಗೆ ನಡೆಯದು. ರೆಫ್ರಿ ಸೀಟಿ ಊದಿ ಆಟ ನಿಲ್ಲಿಸುವ ತನಕ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಡುವೆ ಎದ್ದರೆ ಹಿಂದಿನವರು ಗೊಣಗುತ್ತಾರೆ, ಸರಿಯಾಗಿಯೇ ಗೊಣಗುತ್ತಾರೆ. ಪಂದ್ಯಕ್ಕೆ 20 ನಿಮಿಷದ ಮೂರು ಭಾಗ, ನಡುವೆ ಎರಡು ವಿರಾಮ. ವಿರಾಮದಲ್ಲಿ ಎಲ್ಲರೂ ಸಾಲಿಗೆ ಓಡುವುದರಿಂದ ಊಟ ಮೊದಲೇ ಮುಗಿಸಿ. ಮಕ್ಕಳಿದ್ದರೆ ಸೀಟಲ್ಲೇ ಇರಿ: ಜ್ಯಾಂಬೋನಿ ಎಂಬ ಯಂತ್ರ ಬಂದು ಗೀರುಬಿದ್ದ ಐಸ್ ಹೆರೆದು ಬಿಸಿನೀರು ಬಳಿಯುತ್ತದೆ. "ಐಸಿಗೆ ಬಿಸಿನೀರಾ? ಬಿಡಪ್ಪಾ ಸಾಕು" ಎಂದರು ಗೆಳೆಯರು. ಬಿಸಿನೀರು ಮೇಲ್ಪದರವನ್ನು ಚೂರು ಕರಗಿಸಿ ಅದರೊಡನೆ ಬೆಸೆದು ನುಣ್ಣಗೆ ಗಟ್ಟಿಯಾಗುತ್ತದೆ ಎಂದು ವಿವರಿಸಿದೆ. ನಂಬಿದಂತೆ ಕಾಣಲಿಲ್ಲ.

ಆದರೆ ಸದ್ದಿನ ಮಾತು ಅವರಿಗೆ ತಕ್ಷಣ ಹಿಡಿಸಿತು. ಜಾತ್ರೆಯ ಕುಸ್ತಿಯಲ್ಲಿ ಅಖಾಡದ ಸುತ್ತ ಕೂತ ಹಳೇ ತಲೆಗಳು ಪೈಲ್ವಾನ ನೆಲಕ್ಕೆ ಬೀಳುವ ಮೊದಲೇ "ಹೋ" ಎನ್ನುತ್ತಾರೆ. ಪಟ್ಟು ಬಿದ್ದದ್ದು ಅವರಿಗೆ ಗೊತ್ತಾಗಿರುತ್ತದೆ. ಅರೀನಾದಲ್ಲೂ ಹಾಗೆಯೇ, ಪಕ್ ಬಲೆ ಮುಟ್ಟುವ ಮುನ್ನವೇ ಗದ್ದಲ ಏಳುತ್ತದೆ. ಹೊಸಬರು ಹಳೇ ಅಭಿಮಾನಿಯ ಪಕ್ಕ ಕೂತು ಆತ ಎತ್ತ ನೋಡುತ್ತಾನೋ ಅತ್ತ ನೋಡಬೇಕು. ಟೊರೊಂಟೊದ ತಂಡ ಮೇಪಲ್ ಲೀಫ್ಸ್ 1967ರ ಮೇಲೆ ಲೀಗಿನ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿಲ್ಲ, ಆದರೂ ಜನ ಕಿಕ್ಕಿರಿಯುತ್ತಾರೆ ಎಂದೆ. "ನಮ್ಮ ಆರ್‌ಸಿಬಿಗಾದ್ರೂ 2025ರಾಗೆ ಬಂತಲ್ಲೋ" ಎಂದು ಕನಿಕರಪಟ್ಟರು.

ಕೈಕೈ ಮಿಲಾಯಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಗವಸು ಬಿಸಾಡಿ ಗುದ್ದಾಡಿದವರಿಗೆ ಐದು ನಿಮಿಷ ಹೊರಗೆ ಕೂರುವ ಶಿಕ್ಷೆ, ಪ್ರೇಕ್ಷಕರಿಗೆ ಹಬ್ಬ. ನನಗದು ಆಟದ ಅಗ್ಗದ ಭಾಗ.

ಪಂಜಾಬಿಗಳು ಕೆನಡಾದ ಟಿವಿಯಲ್ಲಿ 2008ರಿಂದ ತಮ್ಮ ಭಾಷೆಯಲ್ಲೇ ಹಾಕಿ ಕಾಮೆಂಟರಿ ಮಾಡಿಸಿಕೊಂಡಿದ್ದಾರೆ. ನಾವು ಸದ್ಯ ಒಂದು ಸಾಲು ಹಿಡಿದು, ತಿಳಿದವರನ್ನು ನಡುವೆ ಕೂರಿಸಿಕೊಂಡರೆ ಸಾಕು. ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್ ಹೊತ್ತಿಗೆ ಸೀಸನ್ ಶುರುವಾಗುತ್ತದೆ. ಕೂಟದಿಂದ ಒಟ್ಟಿಗೆ ಮೇಲಿನ ಟಿಕೆಟ್ ತೆಗೆಯಬಹುದು. ಬರುವವರು ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ಊರಿಂದ ಬಂದ ಹಿರಿಯರಿಗೆ ಒಳಗೂ ಸ್ವೆಟರ್ ಬೇಕಾಗುತ್ತದೆ, ಮರೆಯಬೇಡಿ.