ಸಾಲವೇ ಮಾಡದ ಗ್ರಂಥಋಣ

ಸಂಪಾದಕರೇ,

ಮಂಗಳೂರಿನಲ್ಲಿ ಕಾಲೇಜೊಂದರ ಎದುರು ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪ್ರಾಜೆಕ್ಟ್ ಬೈಂಡಿಂಗಿಗೆ ಮಕ್ಕಳ ಸಾಲು. ಹಾಳೆ ಜೋಡಿಸುವಾಗ ಕಣ್ಣು ಸುಮ್ನೆ ಕೂರುವುದಿಲ್ಲ ನೋಡಿ, ಕೊನೆಯ ಪುಟದ ‘ಗ್ರಂಥಋಣ’, ಅಂದರೆ ಆಧಾರ ಪುಸ್ತಕಗಳ ಪಟ್ಟಿ, ಓದುವುದು ನನಗೆ ಚಟವೇ ಆಗಿಬಿಟ್ಟಿದೆ. ಋಣ ಅಂದರೆ ಸಾಲ ಅಲ್ವಾ? ಇಲ್ಲಿ ಸಾಲ ತೆಗೆದುಕೊಳ್ಳದೆಯೇ ಎಲ್ಲರೂ ಸಾಲಗಾರರು!

ಈ ಸಲ ಮಂಗಳೂರು ಹಂಚಿನ ಮೇಲೆ ಐದು ಪ್ರಾಜೆಕ್ಟ್ ಬಂದವು. ನಾಲ್ಕರಲ್ಲಿ ಒಂದೇ ಪಟ್ಟಿ, ಅದೇ ಕ್ರಮ, ಕಾಗುಣಿತದ ತಪ್ಪು ಕೂಡ ಅದೇ. ಇನ್ನೊಂದರಲ್ಲಿ ‘ಗೂಗಲ್ ಡಾಟ್ ಕಾಮ್’ ಅಂತ ಒಂದೇ ಸಾಲು. ಎಲ್ಲಿಂದ ಬಂದಿ ಅಂತ ಕೇಳಿದರೆ ಬಸ್ಸಿನಲ್ಲಿ ಅಂದ ಹಾಗಾಯಿತು.

ಆ ನಾಲ್ಕರ ಪಟ್ಟಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸದ ಪುಸ್ತಕವೂ ಇತ್ತು, ಹಂಚಿನ ಕಾರ್ಖಾನೆಗೆ ಆಧಾರ ಅಂತ! ಮಾರಾಯ್ರೆ, ಅವನು ನಮ್ಮ ಕಡೆ ಸುತ್ತಾಡಿದ್ದು 1800-01ರಲ್ಲಿ, ಪುಸ್ತಕ ಬಂದದ್ದು 1807ರಲ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಪುಸ್ತಕ ತೆರೆದಿದ್ದರೆ ಆ ಹೆಸರು ಪಟ್ಟಿಗೆ ಬರುತ್ತಲೇ ಇರಲಿಲ್ಲ.

ಗೂಗಲ್ ಅಂತ ಬರೆದ ಹುಡುಗನೇ ನನಗೆ ಜಾಸ್ತಿ ಹಿಡಿಸಿದ. ಅಜ್ಜಿಮನೆಯ ಮಾಡಿನ ಹಂಚಿನ ಫೋಟೋ ತಂದಿದ್ದ. ಹಂಚಿನ ಮೇಲೆ ಮಿಶನ್ ಹೆಸರು, 1865 ಅಂತ ಅಚ್ಚು. ಕೆಳಗೆ ‘1865ರ ಹಂಚು’ ಎಂದು ಬರೆದಿದ್ದ. ಅದು ಕಾರ್ಖಾನೆ ಹುಟ್ಟಿದ ವರ್ಷ ತಮ್ಮಾ, ಆಮೇಲೆ ಎಷ್ಟೋ ವರ್ಷ ಅದೇ ಅಚ್ಚು ಒತ್ತಿದ್ದಾರೆ, ಮನೆ ಯಾವಾಗ ಕಟ್ಟಿದ್ದು ಅಂತ ಅಜ್ಜಿಯನ್ನು ಕೇಳಿದೆಯಾ ಅಂದೆ. ಅಲ್ಲೇ ಫೋನ್ ಹಚ್ಚಿದ. ಕೇಳಿಕೊಂಡು ಆ ಸಾಲು ತಿದ್ದಿದ. ಅಜ್ಜಿಯ ಹೆಸರನ್ನೂ ಪಟ್ಟಿಗೆ ಸೇರಿಸು ಅಂದರೆ ನಾಚಿಕೊಂಡ, ಪುಸ್ತಕವಾದರೆ ಮಾತ್ರ ಆಧಾರ ಅಂತ ಅವನ ಲೆಕ್ಕ.

ಮಕ್ಕಳನ್ನೇ ಬೈದು ಪ್ರಯೋಜನವಿಲ್ಲ. ಹದಿನೈದು ಆಕರ ಬೇಕೇ ಬೇಕು ಅಂತ ಹೇಳಿದರೆ ಎರಡು ವಾರದಲ್ಲಿ ಅವರಾದರೂ ಎಂತ ಮಾಡುವುದು? ಪಕ್ಕದವನದ್ದು ಕಾಪಿ ಮಾಡುತ್ತಾರೆ. ಇಲ್ಲಾ ಚಾಟ್‌ಜಿಪಿಟಿಯನ್ನು ಕೇಳುತ್ತಾರೆ, ಅದು ಯಾರೂ ಬರೆಯದ ಪುಸ್ತಕದ ಹೆಸರನ್ನೂ ಠೀವಿಯಿಂದ ಕೊಡುತ್ತದೆ. ಮೇಷ್ಟ್ರುಗಳೇ, ಮೂರು ಸಾಕು ಅನ್ನಿ, ಆದರೆ ಪುಟದ ಸಂಖ್ಯೆ ಕೇಳಿ. ಪುಟ ಹೇಳಬೇಕಾದರೆ ತೆರೆಯಲೇಬೇಕಲ್ಲ.

ಸಿಗುವುದಿಲ್ಲ ಅನ್ನುವ ಹಾಗೂ ಇಲ್ಲ. ಬ್ರಿಟಿಷ್ ಅಧಿಕಾರಿ ಸ್ಟರಾಕ್ ಬರೆದ 1894ರ ದಕ್ಷಿಣ ಕನ್ನಡದ ಮ್ಯಾನುವಲ್, ಅಂದರೆ ಜಿಲ್ಲೆಯ ಕೈಪಿಡಿ, ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಪುಕ್ಕಟೆ. ಶೋಧಗಂಗಾ ಎಂಬ ಜಾಲತಾಣದಲ್ಲಿ ಪಿಎಚ್‌ಡಿ ಪ್ರಬಂಧಗಳಿವೆ, ಅವುಗಳ ಕೊನೆಯ ಪಟ್ಟಿ ನೋಡಿದರೆ ಮುಂದೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಶನ್‌ನ ಹಳೆಯ ಕಾಗದಪತ್ರಗಳಿವೆ. ಉಡುಪಿಯವರಿಗೆ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಇದೆ.

ನಿಮ್ಮಲ್ಲೂ ಒಂದು ವಿನಂತಿ. ಪುರವಣಿಯಲ್ಲಿ ಊರಿನ ಇತಿಹಾಸ ಹಾಕುವಾಗ ಆ ವರ್ಷ, ಆ ಅಂಕಿ ಎಲ್ಲಿ ಸಿಕ್ಕಿತು ಅಂತ ಕೆಳಗೆ ಒಂದು ಸಾಲು ಹಾಕಿ. ಯಾಕೆಂದರೆ ಮರುದಿನ ಆ ಪುಟವನ್ನೇ ಕತ್ತರಿಸಿಕೊಂಡು ನನ್ನ ಅಂಗಡಿಗೆ ಬರುತ್ತಾರೆ, ‘ಅಣ್ಣಾ, ಐದು ಕಾಪಿ’ ಅಂತ.

– ಒಬ್ಬ ಝೆರಾಕ್ಸ್ ಅಂಗಡಿಯವ, ಮಂಗಳೂರು